ಕಡಲಾಚೆಯಿಂದ ಬಂದ ಉಳಿ ಗರಗಸಗಳು

ಇತಿಹಾಸವನ್ನು ಬರೆಯುವವರು ಕತ್ತಿಯ ಕಥೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ಉಳಿಯ ಕಥೆಯನ್ನು ಹೇಳುವವರು ವಿರಳ. ಯಾವ ಅರಸನು ಯಾವ ವರ್ಷ ಯಾರ ಮೇಲೆ ದಂಡೆತ್ತಿ ಹೋದನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠವಾಗಿ ಒಪ್ಪಿಸಬಲ್ಲರು. ಆದರೆ ಅದೇ ಕಾಲದಲ್ಲಿ ಬಾಗಿಲನ್ನೂ ತೊಟ್ಟಿಲನ್ನೂ ನೇಗಿಲನ್ನೂ ಹಡಗನ್ನೂ ಮಾಡಿಕೊಟ್ಟ ಬಡಗಿಯ ಕೈಯಲ್ಲಿದ್ದ ಹತಾರವು ಎಲ್ಲಿಂದ ಬಂತು, ಅದನ್ನು ಮಾಡಿದವರು ಯಾರು, ಅದಕ್ಕಾಗಿ ಅವನು ತೆತ್ತ ಬೆಲೆಯೇನು ಎಂದು ಕೇಳಿದರೆ ಪಾಠಪುಸ್ತಕಗಳು ಮೌನ ತಾಳುತ್ತವೆ. ಅಂಥದೊಂದು ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಕಥೆ ನಡೆದದ್ದು ಬಹುಮಟ್ಟಿಗೆ ಇಂಗ್ಲೆಂಡು ಮತ್ತು ಅಮೆರಿಕಗಳ ನಡುವೆ, 18 ಮತ್ತು 19ನೆಯ ಶತಮಾನಗಳಲ್ಲಿ. ಆದರೂ ಅದರ ಒಂದು ಎಳೆ ನಮ್ಮ ಕನ್ನಡ ನೆಲದ ಕುಲುಮೆಗೂ ಬಂದು ತಾಗುತ್ತದೆ. ಅದನ್ನು ಅದರ ಸ್ಥಾನದಲ್ಲಿ ಹೇಳುವೆವು.

ಕೇಳಬೇಕಾದ ಪ್ರಶ್ನೆಗಳು ಇಷ್ಟೆ. ಹೊರಗಿನಿಂದ ಹತಾರ ಕೊಂಡು ಬಾಳುವ ಜನವು ಎಂದೆಂದಿಗೂ ಕೊಳ್ಳುವ ಜನವಾಗಿಯೇ ಉಳಿಯಬೇಕೆ? ಕೊಂಡವನು ಮಾಡುವವನಾಗಲು ಏನು ಬೇಕು? ಮಾಡಿ ಮಾರುತ್ತಿದ್ದವನು ಕೊಳ್ಳುವವನ ಸ್ಥಿತಿಗೆ ಇಳಿಯುವುದು ಹೇಗೆ?

ಕಾಗದ ಬರೆದು ಕೊಳ್ಳುವ ಕಷ್ಟ

17ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹೋಗಿ, ಅಲ್ಲಿನ ಮೂಲನಿವಾಸಿಗಳ ನೆಲವಾಗಿದ್ದ ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಯೂರಿದ ಜನರಿಗೆ ಮರಕ್ಕೆ ಕೊರತೆಯಿರಲಿಲ್ಲ. ಓಕ್, ಮೇಪಲ್, ಬರ್ಚ್, ಪೈನ್ ಮರಗಳ ಅರಣ್ಯಗಳು ಅವರ ಹಿತ್ತಲಿನಿಂದಲೇ ಮೊದಲಾಗುತ್ತಿದ್ದವು. ಕೊರತೆಯಿದ್ದದ್ದು ಆ ಮರವನ್ನು ಸೀಳಿ, ಕೆತ್ತಿ, ನುಣುಪುಗೊಳಿಸುವ ಉಕ್ಕಿನ ಅಲಗಿಗೆ. ಊರ ಕಮ್ಮಾರನು ಕೊಡಲಿ, ಗುದ್ದಲಿ, ಮೊಳೆಗಳನ್ನು ಬಡಿದುಕೊಡಬಲ್ಲವನಾಗಿದ್ದನು. ಆದರೆ ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುವ ತೆಳುವಾದ ಗರಗಸದ ಹಾಳೆ, ಸೂಕ್ಷ್ಮವಾದ ಹಲ್ಲುಗಳುಳ್ಳ ಅರ, ನಮ್ಮಲ್ಲಿ ಕೆಲವರು ತೋಪಡವೆಂದು ಕರೆಯುವ ಉಜ್ಜುಗೊರಡಿನ ಅಲಗು, ಕೆತ್ತನೆಯ ಉಳಿ ಮೊದಲಾದವು ಸಾಮಾನ್ಯವಾಗಿ ಅವನ ಅಳವಿಗೆ ಮೀರಿದ್ದವು. ಇವು ಲಂಡನ್, ಬರ್ಮಿಂಗ್‌ಹ್ಯಾಮ್, ಷೆಫೀಲ್ಡ್ ನಗರಗಳಿಂದ ಹಡಗೇರಿ ಬರಬೇಕಾಗಿತ್ತು.

ಹೀಗೆ ತರಿಸಿಕೊಳ್ಳುವ ಬಗೆ ಎಂತಹುದು? ಜಾರ್ಜ್ ವಾಷಿಂಗ್ಟನ್ನನ ನಿದರ್ಶನವನ್ನೇ ನೋಡಬಹುದು. ಅಮೆರಿಕದ ಮೊದಲ ಅಧ್ಯಕ್ಷನಾಗುವುದಕ್ಕೆ ಮೂವತ್ತು ವರ್ಷ ಮೊದಲು ಅವನು ವರ್ಜೀನಿಯ ಪ್ರಾಂತದ ಮೌಂಟ್ ವರ್ನನ್ ಎಂಬಲ್ಲಿ ಗುಲಾಮರಿಂದ ತಂಬಾಕು ಬೆಳೆಸುವ ಜಮೀನ್ದಾರನಾಗಿದ್ದನು. ತಂಬಾಕಿನ ಪೀಪಾಯಿಗಳನ್ನು ಲಂಡನ್ನಿನ ರಾಬರ್ಟ್ ಕ್ಯಾರಿ ಕಂಪನಿಗೆ ಕಳುಹಿಸುವನು. ಆ ಕಂಪನಿಯು ಅದನ್ನು ಮಾರಿ, ಬಂದ ಹಣದಿಂದ ಅವನು ಬರೆದ ಪಟ್ಟಿಯಂತೆ ಸರಕುಗಳನ್ನು ಕೊಂಡು ಹಡಗಿಗೆ ಹಾಕುವುದು. ಬಟ್ಟೆ, ಔಷಧ, ಪಿಂಗಾಣಿಗಳೊಡನೆ ಬಡಗಿಯ ಹತಾರಗಳೂ ಆ ಪಟ್ಟಿಗಳಲ್ಲಿ ಸೇರುತ್ತಿದ್ದವು. ಮೌಂಟ್ ವರ್ನನ್ನಿನಲ್ಲಿ ಆ ಹತಾರಗಳನ್ನು ಹಿಡಿದು ದುಡಿಯುತ್ತಿದ್ದ ಬಡಗಿಗಳಲ್ಲಿ ಅನೇಕರು ಗುಲಾಮರೇ.

ಇದರಲ್ಲಿರುವ ತೊಡಕನ್ನು ಗಮನಿಸಿರಿ. ಈ ವರ್ಷದ ಪಟ್ಟಿಗೆ ಸರಕು ಬರುವುದು ಮುಂದಿನ ವರ್ಷ. ತಂಬಾಕಿನ ಬೆಲೆಯನ್ನು ನಿಶ್ಚಯಿಸುವವನು ಲಂಡನ್ನಿನವನು. ಹತಾರದ ಬೆಲೆಯನ್ನು ಹೇಳುವವನೂ ಲಂಡನ್ನಿನವನೇ. ಹಡಗಿನ ಬಾಡಿಗೆ, ವಿಮೆ, ಮಧ್ಯವರ್ತಿಯ ಕಮಿಷನ್ ಇವೆಲ್ಲ ಕೊಳ್ಳುವವನ ಲೆಕ್ಕಕ್ಕೆ. ಉಳಿಯನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಮೀಟಿ ಸದ್ದು ಕೇಳಿ, ಅಂಚನ್ನು ಉಗುರಿನ ಮೇಲೆ ಪರೀಕ್ಷಿಸಿ ಕೊಳ್ಳುವ ಭಾಗ್ಯ ಅವನಿಗಿಲ್ಲ. 1760ನೆಯ ಸೆಪ್ಟೆಂಬರ್ 28ರಂದು ವಾಷಿಂಗ್ಟನ್ನನು ಕ್ಯಾರಿ ಕಂಪನಿಗೆ ಬರೆದ ಕಾಗದದಲ್ಲಿ ಇದೇ ದೂರು ಕಾಣಿಸುತ್ತದೆ. ಸರಕು ಹೊರದೇಶಕ್ಕೆ ಹೋಗುವಂಥದೆಂದು ತಿಳಿದೊಡನೆ ಲಂಡನ್ನಿನ ಅಂಗಡಿಯವರು ಹಳತನ್ನೂ ಕಳಪೆಯನ್ನೂ ಗಂಟು ಕಟ್ಟಿ ಕಳುಹಿಸುತ್ತಾರೆ, ಅದರ ಮೇಲೆ ನೂರಕ್ಕೆ 10, 15, ಒಮ್ಮೊಮ್ಮೆ 20ರಷ್ಟು ಬೆಲೆಯನ್ನೂ ಏರಿಸುತ್ತಾರೆ ಎಂಬುದು ಆ ದೂರಿನ ತಾತ್ಪರ್ಯ. ಆದರೆ ದೂರು ಹೋಗಿ ಮುಟ್ಟುವುದಕ್ಕೇ ತಿಂಗಳುಗಳು ಬೇಕು. ಅಷ್ಟರಲ್ಲಿ ಕೆಲಸ ನಿಲ್ಲುವಂತಿಲ್ಲ. ಆದುದರಿಂದ ದೂರು ಬರೆದ ಕೈಯೇ ಮರುವರ್ಷದ ಪಟ್ಟಿಯನ್ನೂ ಬರೆಯಬೇಕಾಗುತ್ತಿತ್ತು.

ಇನ್ನೊಂದು ತೊಡಕು ಮಾತಿನದು. ಉಳಿಯೆಂದರೆ ಒಂದೇ ಬಗೆಯದೆ? ಅಗಲ, ದಪ್ಪ, ಅಂಚಿನ ಓರೆ, ಒಳಬಾಗು ಹೊರಬಾಗುಗಳ ಭೇದದಿಂದ ಅವು ನಾನಾ ವಿಧ. ಊರಿಂದೂರಿಗೆ ಹೆಸರೂ ಬೇರೆ. ಇದಕ್ಕೆ ಪರಿಹಾರವಾಗಿ ಇಂಗ್ಲೆಂಡಿನ ವರ್ತಕರು 18ನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಫಲಕಗಳ ಮೇಲೆ ಚಿತ್ರ ಕೊರೆದು ಅಚ್ಚುಹಾಕಿದ ಮಾದರಿಪುಸ್ತಕಗಳನ್ನು ಹೊರದೇಶಗಳಿಗೆ ಕಳುಹಿಸತೊಡಗಿದರು. ಷೆಫೀಲ್ಡಿನ ಹತಾರಗಳ ಚಿತ್ರಗಳನ್ನು ಒಟ್ಟುಗೂಡಿಸಿ ಜೋಸೆಫ್ ಸ್ಮಿತ್ ಎಂಬವನು 1816ರಲ್ಲಿ ಪ್ರಕಟಿಸಿದ ಪುಸ್ತಕವು ಇವುಗಳಲ್ಲಿ ಪ್ರಸಿದ್ಧವಾದದ್ದು. ಮಾರಾಟಕ್ಕೆಂದು ಹುಟ್ಟಿದ ಈ ಪುಸ್ತಕಗಳು ಇಂದು ಇತಿಹಾಸಕಾರನಿಗೆ ಆಕರಗ್ರಂಥಗಳಾಗಿವೆ. ಅಂದಿನ ಅಮೆರಿಕದ ಚತುರ ಕಮ್ಮಾರನಿಗೆ ಅವು ಪಾಠಪುಸ್ತಕಗಳಂತೆಯೂ ಒದಗಿರಬೇಕು. ಮಾರುವವನು ತನ್ನ ಸರಕಿನ ಆಕಾರವನ್ನು ತಾನೇ ಬರೆದುಕೊಟ್ಟಿದ್ದನು. ಬರೆದುಕೊಡದೆ ಉಳಿಸಿಕೊಂಡದ್ದು ಅದರೊಳಗಿನ ಉಕ್ಕಿನ ಮರ್ಮವನ್ನು.

ಮಾರುವವನ ಕಾನೂನು

ಕೊಳ್ಳುವವನು ಕೊಳ್ಳುವವನಾಗಿಯೇ ಇರಲೆಂಬುದು ಬರಿಯ ವರ್ತಕರ ಹಾರೈಕೆಯಾಗಿರಲಿಲ್ಲ. ಅದು ರಾಜ್ಯದ ಶಾಸನವೂ ಆಗಿತ್ತು. 1750ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ವಸಾಹತುಗಳ ಕಬ್ಬಿಣವನ್ನು ಕುರಿತು ಒಂದು ಕಾನೂನನ್ನು ಮಾಡಿತು. ಅದರ ಪ್ರಕಾರ ವಸಾಹತಿನವರು ಕಚ್ಚಾ ಕಬ್ಬಿಣವನ್ನು ಸುಂಕವಿಲ್ಲದೆ ಇಂಗ್ಲೆಂಡಿಗೆ ಕಳುಹಿಸಬಹುದಾಗಿತ್ತು. ಆದರೆ ಕಬ್ಬಿಣವನ್ನು ಸೀಳುವ ಗಿರಣಿ, ತಗಡು ಬಡಿಯುವ ಯಂತ್ರಸುತ್ತಿಗೆ, ಉಕ್ಕಿನ ಕುಲುಮೆ ಇವುಗಳನ್ನು ಹೊಸದಾಗಿ ಕಟ್ಟುವಂತಿರಲಿಲ್ಲ. ಎಂದರೆ ಅದಿರನ್ನು ಕರಗಿಸಿ ಮೊದಲ ಹಂತದ ಕಬ್ಬಿಣ ತೆಗೆಯುವ ಬೆವರಿನ ಕೆಲಸ ಅವರದು. ಅದನ್ನು ಉಕ್ಕಾಗಿಸಿ ಹತಾರ ಮಾಡಿ ಹೆಚ್ಚಿನ ಬೆಲೆಗೆ ಮಾರುವ ಅಧಿಕಾರ ಇವರದು. ಈ ಕಾನೂನನ್ನು ದೂರದ ವಸಾಹತುಗಳಲ್ಲಿ ಬಿಗಿಯಾಗಿ ನಡೆಸಲು ಸಾಧ್ಯವಾಗಲಿಲ್ಲವೆಂಬುದು ನಿಜ. ಆದರೂ ಅದರ ಇಂಗಿತವನ್ನು ವಸಾಹತಿನವರು ಚೆನ್ನಾಗಿ ಅರಿತುಕೊಂಡರು.

ಅಮೆರಿಕ ಸ್ವತಂತ್ರವಾದ ಮೇಲೂ ಈ ನೀತಿ ಬೇರೊಂದು ರೂಪದಲ್ಲಿ ಮುಂದುವರಿಯಿತು. 1785ರಲ್ಲಿ ಪಾರ್ಲಿಮೆಂಟು, ಕಬ್ಬಿಣ ಮತ್ತು ಉಕ್ಕಿನ ಕೈಗಾರಿಕೆಯಲ್ಲಿ ಬಳಸುವ ಸಲಕರಣೆಗಳನ್ನು ಹೊರದೇಶಕ್ಕೆ ಸಾಗಿಸಕೂಡದೆಂದೂ, ಆ ಕೈಗಾರಿಕೆಯ ಕುಶಲ ಕೆಲಸಗಾರರನ್ನು ಪುಸಲಾಯಿಸಿ ಹೊರಗೆ ಕರೆದೊಯ್ಯಕೂಡದೆಂದೂ ವಿಧಿಸಿತು. ಉಳಿಯನ್ನು ಎಷ್ಟು ಬೇಕಾದರೂ ಮಾರುವೆವು, ಉಳಿಯನ್ನು ಮಾಡುವ ಸಾಧನವನ್ನೂ ಬಲ್ಲವನನ್ನೂ ಮಾತ್ರ ಕೊಡಲಾರೆವು ಎಂಬುದು ಇದರ ಸಾರ. ಕುಶಲಕರ್ಮಿಗಳು ದೇಶ ಬಿಡುವುದರ ಮೇಲಿದ್ದ ನಿರ್ಬಂಧವು 1824ರವರೆಗೂ, ಯಂತ್ರಗಳ ರಫ್ತಿನ ಮೇಲಿದ್ದ ನಿರ್ಬಂಧವು 1843ರವರೆಗೂ ಉಳಿದುಬಂದಿತು.

ರೆಂಥಮ್ ಊರಿನ ಗೊರಡುಗಳು

ಕಾನೂನು ಹೀಗಿದ್ದರೂ ಹತಾರವನ್ನು ಸ್ವಂತವಾಗಿ ಮಾಡಿಕೊಳ್ಳುವ ಪ್ರಯತ್ನವು ಸಣ್ಣ ಊರುಗಳಲ್ಲಿ ಮೊಳೆತಿತ್ತು. ಮ್ಯಾಸಚೂಸೆಟ್ಸ್ ಪ್ರಾಂತದ ರೆಂಥಮ್ ಎಂಬ ಊರಿನಲ್ಲಿ 1728ರಿಂದ ನೆಲೆಸಿದ್ದ ಫ್ರಾನ್ಸಿಸ್ ನಿಕೊಲ್ಸನ್ ಎಂಬ ಬಡಗಿಯು ಉಜ್ಜುಗೊರಡುಗಳನ್ನು ಮಾಡಿ ಅವುಗಳ ಮೇಲೆ ತನ್ನ ಹೆಸರನ್ನೂ ಊರನ್ನೂ ಅಚ್ಚೊತ್ತುತ್ತಿದ್ದನು. ಅಮೆರಿಕದಲ್ಲಿ ಗೊರಡು ತಯಾರಿಸಿದವರ ಪೈಕಿ ದಾಖಲೆಯಲ್ಲಿ ಮೊದಲು ಕಾಣಿಸಿಕೊಳ್ಳುವ ಹೆಸರು ಅವನದೇ. ಅವನ ಕೈಕೆಳಗೆ ಸೀಸರ್ ಚೆಲರ್ ಎಂಬ ಕರಿಯ ಗುಲಾಮನೊಬ್ಬನಿದ್ದನು. ಒಡೆಯನಿಂದ ಕಸಬನ್ನು ಕಲಿತು ಅವನು ನಿಪುಣನಾದನು.

1753ರಲ್ಲಿ ನಿಕೊಲ್ಸನ್ ತೀರಿಕೊಂಡನು. ಅವನ ಮರಣಶಾಸನದಿಂದ ಚೆಲರನಿಗೆ ಬಿಡುಗಡೆ ದೊರೆಯಿತು. ಅಷ್ಟೇ ಅಲ್ಲದೆ ಕೆಲಸದ ಮೇಜು, ಬಡಗಿಯ ಹತಾರಗಳು, ಉಳಿಗಳ ಒಂದು ಕಟ್ಟು, ಮರಮುಟ್ಟಿನಲ್ಲಿ ಒಂದು ಪಾಲು, ಹತ್ತು ಎಕರೆ ಭೂಮಿ ಇವೂ ದೊರೆತವು. ಬರಿಯ ಬಿಡುಗಡೆ ಕೊಟ್ಟು ಬರಿಗೈಯಲ್ಲಿ ಕಳುಹಿಸಿದ್ದರೆ ಆ ಮನುಷ್ಯನು ಮರುದಿನವೇ ಕೂಲಿಗೆ ನಿಲ್ಲಬೇಕಾಗುತ್ತಿತ್ತು. ಹತಾರವು ಕೈಗೆ ಬಂದುದರಿಂದ ಬಿಡುಗಡೆಗೆ ಅರ್ಥ ಬಂತು. 1784ರಲ್ಲಿ ತಾನು ತೀರಿಕೊಳ್ಳುವವರೆಗೂ ಚೆಲರ್ ಸ್ವತಂತ್ರನಾಗಿ ಗೊರಡುಗಳನ್ನು ಮಾಡಿ ಮಾರಿದನು. ಅವನ ಅಚ್ಚಿನಲ್ಲಿ ಅವನ ಹೆಸರಿನ ಕೆಳಗೆ, ರೆಂಥಮ್ ಊರಿನಲ್ಲಿ ವಾಸವಾಗಿರುವವನು ಎಂಬರ್ಥದ ಮಾತುಗಳಿವೆ. ಒಮ್ಮೆ ಇನ್ನೊಬ್ಬನ ಸೊತ್ತಾಗಿದ್ದ ಮನುಷ್ಯನು ತಾನು ಮಾಡಿದ ವಸ್ತುವಿನ ಮೇಲೆ ತನ್ನ ಹೆಸರನ್ನೂ ತಾನಿರುವ ಊರನ್ನೂ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ. ಆ ಗೊರಡುಗಳಲ್ಲಿ ಹಲವು ಇಂದಿಗೂ ಅಮೆರಿಕದ ಸಂಗ್ರಹಾಲಯಗಳಲ್ಲಿವೆ.

ಆದರೆ ಆ ಗೊರಡುಗಳನ್ನು ಬಿಚ್ಚಿ ನೋಡಿದರೆ ಕಾಲದ ನಿಜಸ್ಥಿತಿ ತಿಳಿಯುತ್ತದೆ. ಮರದ ಒಡಲು ಅಮೆರಿಕದ ಹಳದಿ ಬರ್ಚ್ ಮರದ್ದು. ಅದರೊಳಗೆ ಕೂಡಿಸಿದ ಉಕ್ಕಿನ ಅಲಗು ಅನೇಕ ವೇಳೆ ಇಂಗ್ಲೆಂಡಿನದು. ಇಂಗ್ಲೆಂಡಿನಿಂದ ಉಳಿಗಳೂ ಅಲಗುಗಳೂ ಹಿಡಿಯಿಲ್ಲದೆ ಬರುವುದು ವಾಡಿಕೆಯಾಗಿತ್ತು. ಹಿಡಿಯನ್ನೂ ಒಡಲನ್ನೂ ಕೊಂಡವನೇ ಮಾಡಿಕೊಳ್ಳುವನು. ಹೀಗೆ ಅರ್ಧ ಹತಾರ ಮನೆಯದು, ಅರ್ಧ ಹತಾರ ಕಡಲಾಚೆಯದು. ಸ್ವಾವಲಂಬನೆಯ ಮೊದಲ ಮೆಟ್ಟಿಲು ಅಲ್ಲಿಗೆ ನಿಂತಿತ್ತು.

ಮಾರುವವನೂ ಕೊಳ್ಳುವವನೇ

ಷೆಫೀಲ್ಡಿನ ಅಲಗಿನಲ್ಲಿ ಅಂಥ ವಿಶೇಷವೇನಿತ್ತು? ಇದನ್ನು ತಿಳಿಯಲು ಉಕ್ಕಿನ ಸ್ವಭಾವವನ್ನು ತುಸು ನೋಡಬೇಕು. ಮೆದು ಕಬ್ಬಿಣದಲ್ಲಿ ಇಂಗಾಲವು ಅತ್ಯಲ್ಪ. ಅದು ಬಾಗುತ್ತದೆ, ಆದರೆ ಅಂಚು ನಿಲ್ಲುವುದಿಲ್ಲ. ಎರಕದ ಬೀಡಿನಲ್ಲಿ ಇಂಗಾಲವು ಅತಿಯಾದುದರಿಂದ ಅದು ಗಡುಸು, ಆದರೆ ಪೆಟ್ಟಿಗೆ ಒಡೆಯುತ್ತದೆ. ಇವೆರಡರ ನಡುವಣ ಹದವೇ ಉಕ್ಕು. ಹಿಂದಿನ ಕಾಲದಲ್ಲಿ ಕಬ್ಬಿಣದ ಪಟ್ಟಿಗಳನ್ನು ಇದ್ದಲ ಪುಡಿಯೊಡನೆ ಕಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಿ, ಒಂದು ವಾರ ಅಥವಾ ಅದಕ್ಕೂ ಹೆಚ್ಚು ದಿನ ಕಾಯಿಸುತ್ತಿದ್ದರು. ಇಂಗಾಲವು ಹೊರಮೈಯಿಂದ ಒಳಗೆ ಇಳಿಯುತ್ತಿತ್ತು. ಆದುದರಿಂದ ಹೊರಮೈ ಗಡುಸಾದರೆ ಒಳಗು ಮೆದುವಾಗಿಯೇ ಉಳಿಯುತ್ತಿತ್ತು. ಅಂಥ ಉಕ್ಕಿನ ಉಳಿಯು ಒಂದು ಕಡೆ ಮೊಂಡಾಗುವುದು, ಇನ್ನೊಂದು ಕಡೆ ಚಕ್ಕೆಯೇಳುವುದು.

ಡಾಂಕಸ್ಟರ್ ಎಂಬ ಪಟ್ಟಣದಲ್ಲಿ ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ ಎಂಬವನಿಗೆ ಈ ಕುಂದು ಸಹಿಸಲಿಲ್ಲ. ಗಡಿಯಾರದ ಸ್ಪ್ರಿಂಗಿಗೆ ಒಂದೇ ಹದದ ಉಕ್ಕು ಬೇಕು. ಅವನು 1740ರ ಸುಮಾರಿಗೆ ಷೆಫೀಲ್ಡಿನ ಸಮೀಪಕ್ಕೆ ಬಂದು, ಆ ಏರುಪೇರಿನ ಉಕ್ಕನ್ನು ಜೇಡಿಮಣ್ಣಿನ ಮೂಸೆಯಲ್ಲಿಟ್ಟು ಪೂರ್ತಿಯಾಗಿ ಕರಗಿಸುವ ವಿಧಾನವನ್ನು ಕಂಡುಹಿಡಿದನು. ಕರಗಿದ ಮೇಲೆ ಇಂಗಾಲವು ಎಲ್ಲೆಡೆಯೂ ಸಮನಾಗಿ ಹರಡುವುದು. ಕಿಟ್ಟವು ಮೇಲೆ ತೇಲಿಬರುವುದು. ಸೋಜಿಗವೆಂದರೆ, ಷೆಫೀಲ್ಡಿನ ಕತ್ತಿ ಕತ್ತರಿ ಮಾಡುವವರು ಇದು ಬಡಿಯಲು ಬಲು ಗಡುಸೆಂದು ಮೊದಲಲ್ಲಿ ಇದನ್ನು ಮುಟ್ಟಲಿಲ್ಲ. ಹಂಟ್ಸ್‌ಮನ್ ಅದನ್ನು ಫ್ರಾನ್ಸಿಗೆ ಮಾರಿದನು. ಫ್ರಾನ್ಸಿನ ಸರಕು ತಮ್ಮದನ್ನು ಮೀರಿಸತೊಡಗಿದಾಗಲೇ ಸ್ವಂತ ಊರಿನವರ ಕಣ್ಣು ತೆರೆದದ್ದು. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆ ಎಲ್ಲ ದೇಶಗಳಿಗೂ ಸಲ್ಲುತ್ತದೆಯೆಂದು ತೋರುತ್ತದೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಈ ಉಕ್ಕಿಗೆ ಬೇಕಾದ ಶುದ್ಧ ಕಬ್ಬಿಣವು ಇಂಗ್ಲೆಂಡಿನದಾಗಿರಲಿಲ್ಲ. ಸ್ವೀಡನ್ ದೇಶದ ಡಾನೆಮೋರಾ ಗಣಿಯ ಅದಿರಿನಿಂದ ತೆಗೆದ ಕಬ್ಬಿಣವೇ ಅತ್ಯುತ್ತಮವೆಂದು ಷೆಫೀಲ್ಡಿನವರು ಅದನ್ನು ಸಮುದ್ರ ದಾಟಿಸಿ ತರಿಸುತ್ತಿದ್ದರು. ಜಗತ್ತಿಗೆಲ್ಲ ಹತಾರ ಮಾರುತ್ತಿದ್ದ ಊರು ತನ್ನ ಮೂಲವಸ್ತುವಿಗೆ ಕಡಲಾಚೆಯವರನ್ನೇ ನಂಬಿಕೊಂಡಿತ್ತು. ಕೊಳ್ಳುವುದರಿಂದಲೇ ಬಡತನ ಬರುವುದಾದರೆ ಷೆಫೀಲ್ಡ್ ಬಡವಾಗಬೇಕಿತ್ತು. ಅದು ಕಬ್ಬಿಣವನ್ನು ಕೊಂಡು ಅದರ ಮೇಲೆ ತನ್ನ ಅರಿವನ್ನು ಹೂಡಿತು; ಆದ್ದರಿಂದ ಸಿರಿವಂತವಾಯಿತು.

ಈಗ ನಮ್ಮ ನೆಲದ ಮಾತಿಗೆ ಬರೋಣ. ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ದಕ್ಷಿಣ ಭಾರತದ ಕಮ್ಮಾರರು ಮೂಸೆಯ ಉಕ್ಕನ್ನು ಮಾಡುತ್ತಿದ್ದರು. ಮೆದು ಕಬ್ಬಿಣದ ತುಂಡುಗಳನ್ನು ತಂಗಡಿಯ ಕಟ್ಟಿಗೆ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಮೆತ್ತಿ, ತಿದಿಯೊತ್ತಿ ಕಾಯಿಸಿದರೆ ಇಂಗಾಲವು ಕಬ್ಬಿಣದೊಳಗೆ ಸೇರಿ ಉಕ್ಕಿನ ಸಣ್ಣ ಗಟ್ಟಿ ದೊರೆಯುತ್ತಿತ್ತು. ಈ ಉಕ್ಕು ಅರಬರ ಹಡಗುಗಳಲ್ಲಿ ಪಶ್ಚಿಮಕ್ಕೆ ಹೋಗಿ ಖಡ್ಗಗಳಾಗುತ್ತಿತ್ತು. 1800-1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯು ಭಾರತದ ದೂರದೂರದ ಪ್ರಾಂತಗಳಿಗೆ ಹೋಗುತ್ತಿತ್ತೆಂಬುದೂ ಅವನ ಬರಹದಿಂದ ತಿಳಿಯುತ್ತದೆ.

ಈ ಉಕ್ಕಿನ ಮಾದರಿಗಳು 1794ರಲ್ಲಿ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ತಲಪಿದವು. ಜಾರ್ಜ್ ಪಿಯರ್‌ಸನ್ ಅವುಗಳನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧವನ್ನು ಮಂಡಿಸಿದನು. ಅದರಲ್ಲಿ ಈ ವಸ್ತುವಿಗಿದ್ದ ಹೆಸರು ‘ವೂಟ್ಸ್’. ಇದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದುದೆಂದು ವಿದ್ವಾಂಸರಲ್ಲಿ ಅನೇಕರ ಮತ. ಲಂಡನ್ನಿನಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಸೂಕ್ಷ್ಮವಾದ ಅಂಚಿಗೆ ಇದೇ ಶ್ರೇಷ್ಠವೆಂದು ಮೆಚ್ಚಿಕೊಂಡನು. ಅವನೊಡನೆ ಸೇರಿ ಮೈಕೆಲ್ ಫ್ಯಾರಡೆಯು ಇದರ ಗುಟ್ಟನ್ನು ಭೇದಿಸಲು ಹೊರಟು, ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸುವ ಪ್ರಯೋಗಗಳನ್ನು ನಡೆಸಿದನು. ಅವರ ಪ್ರಬಂಧವು 1820ರಲ್ಲಿ ಹೊರಬಂತು. ಆ ಕಾಲದಲ್ಲಿ ಲಂಡನ್ನಿನವರ ಕಡಲಾಚೆಯ ಸರಬರಾಜುದಾರರು ನಾವಾಗಿದ್ದೆವು.

ಕೊಂಡವನು ಮಾಡುವವನಾದದ್ದು

ಅಮೆರಿಕಕ್ಕೆ ಮರಳೋಣ. 1760ರ ದಶಕದಲ್ಲಿ ಹೊಸ ತೆರಿಗೆಗಳನ್ನು ಪ್ರತಿಭಟಿಸಿ ವಸಾಹತಿನವರು ಬ್ರಿಟಿಷ್ ಸರಕನ್ನು ಕೊಳ್ಳೆವೆಂಬ ಒಪ್ಪಂದಗಳನ್ನು ಮಾಡಿಕೊಂಡರು. 1769ರ ವರ್ಜೀನಿಯದ ಒಪ್ಪಂದವನ್ನು ಬೆಂಬಲಿಸಿದವರಲ್ಲಿ ವಾಷಿಂಗ್ಟನ್ನನೂ ಒಬ್ಬ. 1774ರ ಡಿಸೆಂಬರಿನಿಂದ ಬಹಿಷ್ಕಾರವು ಎಲ್ಲ ವಸಾಹತುಗಳಿಗೂ ಸಾಮಾನ್ಯವಾಯಿತು. ಮರುವರ್ಷವೇ ಯುದ್ಧ ಮೊದಲಾಯಿತು. 1783ರಲ್ಲಿ ಶಾಂತಿಸಂಧಿಯಾಯಿತು, ದೇಶ ಸ್ವತಂತ್ರವಾಯಿತು. ಆದರೆ ಸಂಧಿಯ ಮಸಿ ಆರುವ ಮೊದಲೇ ಇಂಗ್ಲೆಂಡಿನ ಹಡಗುಗಳು ಸರಕು ತುಂಬಿಕೊಂಡು ಬಂದವು, ಜನರು ಮುಗಿಬಿದ್ದು ಕೊಂಡರು. 1812ರಿಂದ ನಡೆದ ಇನ್ನೊಂದು ಯುದ್ಧವು 1815ರಲ್ಲಿ ಮುಗಿದಾಗಲೂ ಹೀಗೆಯೇ ಆಯಿತು. ಬಾವುಟ ಬದಲಾದುದರಿಂದ ಗರಗಸ ಬದಲಾಗಲಿಲ್ಲ. ಷೆಫೀಲ್ಡಿನ ದೊಡ್ಡ ಗಿರಾಕಿಯೆಂದರೆ ಈ ಸ್ವತಂತ್ರ ಅಮೆರಿಕವೇ ಆಯಿತು. ಆ ಊರಿನ ಕಾರ್ಖಾನೆಗಳಲ್ಲಿ ಒಂದಕ್ಕೆ ವಾಷಿಂಗ್ಟನ್ನನ ಹೆಸರು, ಇನ್ನೊಂದಕ್ಕೆ ಬ್ರೂಕ್ಲಿನ್ನಿನ ಹೆಸರು. ಯಾವ ಅಂಗಡಿಯವರನ್ನು ವಾಷಿಂಗ್ಟನ್ ದೂರಿದ್ದನೋ ಆ ದೇಶದವರೇ ಅವನ ಹೆಸರನ್ನು ಹಲಗೆಗೇರಿಸಿ ಅವನ ದೇಶಕ್ಕೆ ಸರಕು ಕಳುಹಿಸಿದರು!

ಬದಲಾವಣೆಯು ನಿಧಾನವಾಗಿ, ಕಾರ್ಯಾಗಾರಗಳ ಒಳಗಿನಿಂದ ಬಂತು. 1826ರಲ್ಲಿ ಕನೆಟಿಕಟ್ ಪ್ರಾಂತದಲ್ಲಿ ಕಾಲಿನ್ಸ್ ಸೋದರರು ಕೊಡಲಿಯ ಕಾರ್ಖಾನೆಯನ್ನು ತೆರೆದರು. ಅದಕ್ಕೆ ಮೊದಲು ಕೊಡಲಿಯನ್ನು ಕೊಂಡವನು ಗಂಟೆಗಟ್ಟಲೆ ಸಾಣೆ ಹಿಡಿದು ಅಂಚು ಬರಿಸಿಕೊಳ್ಳಬೇಕಾಗಿತ್ತು. ಕಾಲಿನ್ಸರ ಕೊಡಲಿಯು ಸಾಣೆಗೊಂಡು ಸಿದ್ಧವಾಗಿಯೇ ಪೇಟೆಗೆ ಬಂತು. 1832ರಲ್ಲಿ ಅಲ್ಲಿಗೆ ಸೇರಿದ ಎಲೈಷಾ ರೂಟ್ ಎಂಬ ಯಂತ್ರಶಿಲ್ಪಿಯು ಕೈಯಿಂದ ಬಡಿಯುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಯಂತ್ರಕ್ಕೆ ಒಪ್ಪಿಸಿದನು.

ಗರಗಸದ ಕಥೆ ಇನ್ನೂ ಬೋಧಪ್ರದವಾದುದು. ಹೆನ್ರಿ ಡಿಸ್ಟನ್ 1819ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. 1833ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ತಂದೆಯೊಡನೆ ಫಿಲಡೆಲ್ಫಿಯಕ್ಕೆ ಬಂದನು. ಬಂದ ಮೂರೇ ದಿನಗಳಲ್ಲಿ ತಂದೆ ತೀರಿಕೊಂಡನು. ಹುಡುಗನು ಗರಗಸ ಮಾಡುವವನೊಬ್ಬನಲ್ಲಿ ಕೆಲಸ ಕಲಿಯಲು ಸೇರಿದನು. 1840ರಲ್ಲಿ ಧಣಿಯ ವ್ಯಾಪಾರ ಮುರಿದುಬಿದ್ದಾಗ ಬರಬೇಕಾಗಿದ್ದ ಸಂಬಳದ ಬದಲಿಗೆ ಹತಾರಗಳನ್ನೂ ಸಾಮಗ್ರಿಯನ್ನೂ ಪಡೆದುಕೊಂಡು ಸ್ವಂತ ಅಂಗಡಿ ಹೂಡಿದನು. ಆದರೆ ಗಿರಾಕಿಗೆ ಇಂಗ್ಲೆಂಡಿನ ಗರಗಸದಲ್ಲಿಯೇ ನಂಬಿಕೆ. ಡಿಸ್ಟನ್ ಬಳಸುವ ಉಕ್ಕಿನ ಹಾಳೆಯೂ ಇಂಗ್ಲೆಂಡಿನದೇ. ಉಕ್ಕು ಮಾರುವವನೂ ಗರಗಸ ಮಾರುವವನೂ ಒಂದೇ ದೇಶದವರಾದಾಗ ನಡುವಿನವನು ಬಾಳುವುದೆಂತು? ಇದನ್ನರಿತು ಅವನು 1855ರಲ್ಲಿ ತನ್ನದೇ ಮೂಸೆಯ ಉಕ್ಕಿನ ಕುಲುಮೆಯನ್ನು ಕಟ್ಟಿಸಿದನು. ರೆಂಥಮ್ಮಿನಲ್ಲಿ ನಿಂತಿದ್ದ ಮೆಟ್ಟಿಲನ್ನು ಏರಿದಂತಾದುದು ಆಗ. 1861ರಲ್ಲಿ ಅಮೆರಿಕ ಸರ್ಕಾರವು ಆಮದಿನ ಮೇಲೆ ಹೆಚ್ಚಿನ ಸುಂಕವನ್ನು ವಿಧಿಸಿದಾಗ ಇಂಗ್ಲೆಂಡಿನ ಸರಕು ತುಟ್ಟಿಯಾಯಿತು. ಸಿದ್ಧನಾಗಿ ನಿಂತಿದ್ದ ಡಿಸ್ಟನ್ನನಿಗೆ ಪೇಟೆ ತೆರೆಯಿತು. ಅದೇ ದಶಕದಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿಯೂ ಮೂಸೆಯ ಉಕ್ಕು ನೆಲೆಗೊಂಡಿತು. 1867ರಲ್ಲಿ ಲಿಯೊನಾರ್ಡ್ ಬೈಲಿ ಎಂಬವನು ಅಲಗನ್ನು ಏರಿಸಿ ಇಳಿಸುವ ಹೊಸ ಏರ್ಪಾಟುಗಳಿಗೆ ಪೇಟೆಂಟ್ ಪಡೆದನು. ಎರಡು ವರ್ಷಗಳ ತರುವಾಯ ಸ್ಟ್ಯಾನ್ಲಿ ಕಂಪನಿಯು ಅವನ ಉದ್ಯಮವನ್ನು ಕೊಂಡು, ಕಬ್ಬಿಣದ ಒಡಲಿನ ಆ ಗೊರಡನ್ನು ಜಗತ್ತಿಗೆ ಮಾರಿತು.

ಚಕ್ರ ಪೂರ್ತಿಯಾಗಿ ತಿರುಗಿದುದಕ್ಕೆ ಒಂದು ಸಾಕ್ಷಿಯಿದೆ. 1857ರಲ್ಲಿ ಕಾಲಿನ್ಸ್ ಕಂಪನಿಯು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಇಂಗ್ಲೆಂಡಿನ ತಯಾರಕರ ಮೇಲೆಯೇ ದಾವೆ ಹೂಡಿತು. ತಮ್ಮ ಕಂಪನಿಯ ಮುದ್ರೆಯನ್ನು ಅವರು ಕದ್ದು ತಮ್ಮ ಸರಕಿಗೆ ಒತ್ತುತ್ತಿದ್ದಾರೆಂಬುದು ದೂರು. ಪರದೇಶದ ತಯಾರಕನಿಗೂ ತನ್ನ ಮುದ್ರೆಯನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದು ನ್ಯಾಯಾಲಯವು ಒಪ್ಪಿತು. ಕಳಪೆ ಸರಕಿನ ದೂರನ್ನು ವಾಷಿಂಗ್ಟನ್ ಬರೆದು ಆಗ ನೂರು ವರ್ಷ ತುಂಬಿರಲಿಲ್ಲ. ಅಷ್ಟರೊಳಗೆ ಮಾರುವ ದೇಶದವರು ಕೊಳ್ಳುವ ದೇಶದವರ ಹೆಸರಿನ ನೆರಳಿನಲ್ಲಿ ಸರಕು ಮಾರಲು ಮೊದಲು ಮಾಡಿದ್ದರು.

ನಮ್ಮ ಕುಲುಮೆ ಆರಿದ ಬಗೆ

ಇದೇ ಅವಧಿಯಲ್ಲಿ ನಮ್ಮಲ್ಲಿ ನಡೆದದ್ದು ಇದರ ವಿರುದ್ಧ ಗತಿ. ಬುಕಾನನ್ ನೋಡಿದ ಬಗೆಯ ಮೂಸೆಯ ಕುಲುಮೆಗಳು 19ನೆಯ ಶತಮಾನ ಮುಗಿಯುವ ವೇಳೆಗೆ ಬಹುಮಟ್ಟಿಗೆ ಆರಿಹೋದವು. ಇಂಗ್ಲೆಂಡಿನ ಕಬ್ಬಿಣವೂ ಉಕ್ಕೂ ನಮ್ಮ ಪೇಟೆಗಳನ್ನು ತುಂಬಿದವು. ನಮ್ಮ ಕಮ್ಮಾರನ ಕೈ ಸೋತಿತೆಂದು ಹೇಳಲಾಗದು. ಅವನ ಉಕ್ಕನ್ನು ಫ್ಯಾರಡೆಯಂಥವನು ಮೆಚ್ಚಿದ್ದನು. ಆದರೆ ಅವನು ಒಂದು ಸಲಕ್ಕೆ ತೆಗೆಯುತ್ತಿದ್ದದ್ದು ಅಂಗೈಯಗಲದ ಗಟ್ಟಿ; ಎದುರಿಗೆ ಬಂದುದು ಹಡಗು ತುಂಬಿದ ಅಗ್ಗದ ಲೋಹ. ಇದ್ದಲಿಗೆ ಬೇಕಾದ ಅರಣ್ಯವು ಸರ್ಕಾರದ ಕಾಯಿದೆಗಳ ಬೇಲಿಯೊಳಗೆ ಸೇರುತ್ತ ಹೋಯಿತು. ಡಿಸ್ಟನ್ನನಿಗೆ 1861ರಲ್ಲಿ ಒದಗಿದಂಥ ಸುಂಕದ ರಕ್ಷಣೆಯನ್ನು ಕೊಡಬಲ್ಲ ಸ್ವಂತ ಸರ್ಕಾರವು ಇವನಿಗಿರಲಿಲ್ಲ. ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಇವನ ಅರಿವು ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಬಂದುದು. ಅಕ್ಷರ ಬಲ್ಲ ಜನರು ಕುಲುಮೆಯ ಬಳಿಗೆ ಹೋಗಿ ಅದನ್ನು ಕೇಳಿ ಬರೆದುಕೊಳ್ಳಲಿಲ್ಲ. ಬರೆದುಕೊಂಡವನು ಬುಕಾನನ್, ಪರೀಕ್ಷಿಸಿದವರು ಪಿಯರ್‌ಸನ್ ಮತ್ತು ಫ್ಯಾರಡೆ. ಹೀಗಾಗಿ ‘ಉಕ್ಕು’ ಎಂಬ ಮಾತು ಹಡಗೇರಿ ಹೋಗಿ ಪರಭಾಷೆಯ ಕೋಶದಲ್ಲಿ ಉಳಿಯಿತು. ಉಕ್ಕು ಮಾಡಿದವರ ಹೆಸರುಗಳು ಉಳಿಯಲಿಲ್ಲ. ರೆಂಥಮ್ಮಿನ ಗುಲಾಮನಾಗಿದ್ದವನ ಹೆಸರು ಅವನ ಗೊರಡಿನ ಮೇಲಿದೆ. ಲಂಡನ್ನಿಗೆ ಹೋದ ಆ ಉಕ್ಕಿನ ಗಟ್ಟಿಗಳನ್ನು ಮಾಡಿದ ನಮ್ಮ ಕಮ್ಮಾರರು ಯಾರು?

ಈ ಕಥೆಯಿಂದ ತಿಳಿಯುವುದೇನು? ಕಡಲಾಚೆಯಿಂದ ಹತಾರ ಕೊಳ್ಳುವುದು ಕುಂದಲ್ಲ. ಷೆಫೀಲ್ಡ್ ಸ್ವೀಡನ್ನಿನಿಂದ ಕೊಂಡಿತು, ಫಿಲಡೆಲ್ಫಿಯ ಷೆಫೀಲ್ಡಿನಿಂದ ಕೊಂಡಿತು. ಕೊಂಡ ವಸ್ತುವನ್ನು ಬಿಚ್ಚಿ ನೋಡಿ, ಇದು ಹೀಗೇಕೆ, ಇದರಲ್ಲಿ ನನಗೆ ಮಾಡಲು ಬರುವುದು ಯಾವುದು, ಬಾರದಿರುವುದು ಯಾವುದು ಎಂದು ಕೇಳಿದವರು ಒಂದೊಂದು ಮೆಟ್ಟಿಲನ್ನೇರಿದರು. ಮೊದಲು ಹಿಡಿ, ಆಮೇಲೆ ಒಡಲು, ಕಡೆಗೆ ಅಲಗಿನ ಉಕ್ಕು. ಹಾಗೆ ಏರುವವರಿಗೆ ನೆಲದ ಕಾನೂನೂ ನೆರವಾಗಬೇಕು, ಕೈಯ ಅರಿವನ್ನು ಅಕ್ಷರವೂ ಕಾಯ್ದುಕೊಳ್ಳಬೇಕು.

ಈ ಎರಡರಲ್ಲಿ ಕಾನೂನು ನಮ್ಮ ಕೈಯಲ್ಲಿಲ್ಲದಿದ್ದರೂ ಅಕ್ಷರವಂತೂ ಗಡಿನಾಡಿನ ಶಾಲೆಗಳ ಕೈಯಲ್ಲಿದೆ. ಅಧ್ಯಾಪಕ ಮಿತ್ರರು ಒಂದು ದಿನ ಮಕ್ಕಳನ್ನು ಊರ ಬಡಗಿಯ ಮನೆಯಂಗಳಕ್ಕೆ ಕರೆದೊಯ್ಯಲಿ. ಅವನ ಪೆಟ್ಟಿಗೆಯಲ್ಲಿರುವ ಉಳಿ, ಬಾಚಿ, ಬೈರಿಗೆ, ಗರಗಸಗಳ ಮೇಲಿನ ಮುದ್ರೆಯನ್ನು ಓದಿಸಲಿ. ಯಾವುದು ಊರ ಕುಲುಮೆಯದು, ಯಾವುದು ಹೊರಗಿನದು ಎಂದು ಕೇಳಿ ಬರೆಸಲಿ. ಪ್ರತಿಯೊಂದಕ್ಕೂ ಅವನು ಹೇಳುವ ಕನ್ನಡದ ಹೆಸರನ್ನು, ಪುಸ್ತಕದಲ್ಲಿ ಇಲ್ಲದಿದ್ದರೂ, ಹಾಗೆಯೇ ಬರೆಸಲಿ. ಜೊತೆಗೆ ಅದನ್ನು ಹೇಳಿದ ಹಿರಿಯನ ಹೆಸರನ್ನೂ ಊರನ್ನೂ ತಾರೀಖನ್ನೂ ಸೇರಿಸಲಿ. ಒಂದು ತರಗತಿಯು ಒಂದು ವರ್ಷದಲ್ಲಿ ಅಂಥ ಒಂದು ಕೈಬರಹದ ಪುಸ್ತಕವನ್ನು ಸಿದ್ಧಪಡಿಸಿದರೂ, ಮುಂದೆ ಇತಿಹಾಸ ಬರೆಯುವವನಿಗೆ ನಮ್ಮ ಕುಶಲಕರ್ಮಿಗಳನ್ನು ಹೆಸರಿಲ್ಲದವರೆಂದು ಬರೆಯುವ ಪ್ರಮೇಯ ಅಷ್ಟರಮಟ್ಟಿಗೆ ತಪ್ಪುತ್ತದೆ.